ಕೆರೆಯ ಬಾಣಂತನದಲ್ಲಿ ಬರೆದ ಸೊನ್ನೆ

ಇದನ್ನು ಬರೆದುಕೊಡಿ ಎಂದು ಕೇಳಿದವಳು ಸಹನಾ ಎನ್ನುವ ಹುಡುಗಿ. ಒಂದು ಊರಿನ ಪಕ್ಕ ರಸ್ತೆಯೋ ಬಡಾವಣೆಯೋ ಬರುವ ಮೊದಲು, ಅಲ್ಲಿನ ಹಳಬರು ಕೆರೆ, ಗೋಮಾಳ, ಗುಂಡುತೋಪುಗಳನ್ನು ಹೇಗೆ ಬಳಸಿಕೊಂಡು ಬಂದಿದ್ದಾರೆ ಎಂದು ವಿಚಾರಿಸಿ ಪರಿಸರ ವರದಿಗೆ ಸೇರಿಸುವುದು ಅವಳ ಕೆಲಸ. ನಾನೂ ಅದೇ ಕೆಲಸದಲ್ಲಿ ಸವೆದವನು. ಈಗ ಪದ್ಮನಾಭನಗರದ ಮನೆಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ. ಹಳೆಯ ವರದಿಗಳಲ್ಲಿ ನನ್ನ ಸಹಿ ನೋಡಿ, ಅವರಿವರನ್ನು ಕೇಳಿ, ಹೋದ ತಿಂಗಳು ಮನೆ ಹುಡುಕಿಕೊಂಡು ಬಂದಳು. ಆಫೀಸಿಗೆ ಹೊಸದಾಗಿ ಐದಾರು ಜನ ಸೇರಿದ್ದಾರೆ, ಈ ಕೆಲಸ ನಿಜಕ್ಕೂ ಹೇಗಿತ್ತು ಎಂದು ಅವರಿಗಾಗಿ ನಾಲ್ಕು ಪುಟ ಬರೆದುಕೊಡಬೇಕು ಎಂದಳು. ನಾನು ಎಸ್ಸೆಸ್ಸೆಲ್ಸಿ ಓದಿದವನಮ್ಮ, ನನ್ನಿಂದ ಏನು ಬರೆಸುತ್ತೀಯ ಎಂದೆ. ಅವಳು ಬ್ಯಾಗಿನಿಂದ ಒಂದು ಜೆರಾಕ್ಸ್ ಪುಟ ತೆಗೆದು ಟೀಪಾಯಿಯ ಮೇಲಿಟ್ಟಳು. ಬೇಗೂರಿನ ಆಚೆಗಿನ ಒಂದು ಕೆರೆಯ ವರದಿ. ಕೆರೆಗೆ ಇಳಿದು ಬಳಸುವವರ ಸಂಖ್ಯೆ ಎನ್ನುವ ಕಡೆ ನನ್ನ ಕೈಬರಹದಲ್ಲಿ ಒಂದು ಸೊನ್ನೆ ಇತ್ತು. ಕೆಳಗೆ ನನ್ನ ಸಹಿ.

"ಇದು ಹೇಗೆ ಅಂಕಲ್? ಊರಲ್ಲಿ ಬೇರೆ ಥರ ಹೇಳ್ತಾರಲ್ಲ" ಎಂದಳು.

ಆ ಸೊನ್ನೆ ಸುಳ್ಳು. ಬರೆಯುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು. ಆ ದಿನ ಅವಳಿಗೆ ಉತ್ತರ ಹೇಳದೆ ಕಾಫಿ ಕೊಟ್ಟು ಕಳಿಸಿದೆ. ಈಗ ಹೇಳುತ್ತಿದ್ದೇನೆ. ಮೊದಲಿನಿಂದ ಹೇಳದಿದ್ದರೆ ಅದು ಹೇಗಾಯಿತು ಎಂದು ನಿಮಗೆ ತಿಳಿಯುವುದಿಲ್ಲ.

ನಾನು ಸೇರಿದ್ದು ಜಯನಗರ ಮೂರನೇ ಬ್ಲಾಕಿನಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿದ್ದ ಸಣ್ಣ ಕಚೇರಿಗೆ, ನಕ್ಷೆ ಟ್ರೇಸ್ ಮಾಡುವವನಾಗಿ. ಯಜಮಾನರು ಶ್ರೀನಿವಾಸರಾಯರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದವರು, ಅದನ್ನು ಬಿಟ್ಟು ಈ ಕೆಲಸಕ್ಕೆ ಇಳಿದಿದ್ದರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಆಫೀಸಿಗೆ ಹಾಲು ತರುತ್ತಿದ್ದ ರೈತನ ಜೊತೆ ನಾನು ಗಂಟೆಗಟ್ಟಲೆ ಹರಟುವುದನ್ನು ನೋಡಿ, ಇವನು ಟೇಬಲ್ಲಿನ ಮುಂದೆ ಕೂರುವವನಲ್ಲ ಎಂದು ನನ್ನನ್ನು ಹಳ್ಳಿಗಳಿಗೆ ಕಳಿಸಲು ಶುರುಮಾಡಿದರು.

ಮೊದಲ ಸಲ ಹೋದಾಗ ಕೈಯಲ್ಲಿ ಅಚ್ಚು ಹಾಕಿಸಿದ ಫಾರಂ ಇತ್ತು. ಕೆರೆಯಿಂದ ನಿಮಗೇನು ಉಪಯೋಗ ಎನ್ನುವುದು ಮೊದಲ ಪ್ರಶ್ನೆ. ಎದುರಿಗೆ ಬಂದ ಮುದುಕನ ತಲೆಯ ಮೇಲೆ ಹಸಿ ಹುಲ್ಲಿನ ಹೊರೆ, ಮೊಣಕಾಲಿನವರೆಗೆ ಕೆಸರು. ಏನೂ ಇಲ್ಲ ಸಾಮಿ, ನಾವು ಆ ಕಡೆಗೇ ಹೋಗುವುದಿಲ್ಲ ಎಂದ. ನಾನು 'ಇಲ್ಲ' ಎಂದು ಬರೆದುಕೊಂಡೆ. ಮುಂದಿನವನೂ ಇಲ್ಲ ಎಂದ. ಸಂಜೆಗೆ ಒಂದು ಕಟ್ಟು ಫಾರಂ ತುಂಬಿತು. ರಾಯರು ಒಂದೊಂದನ್ನೇ ತಿರುವಿ ನೋಡಿ ಕನ್ನಡಕ ತೆಗೆದರು.

"ಏನಯ್ಯಾ ನಂಜುಂಡ, ಈ ಊರಿನ ಹಸುಗಳು ಹೋಟ್ಲಲ್ಲಿ ಊಟ ಮಾಡ್ತವಾ?"

ಕಾಗದ ಹಿಡಿದುಕೊಂಡು ಬಂದವನು ಜಮೀನು ಕಿತ್ತುಕೊಳ್ಳಲು ಬಂದವನು ಎಂದು ಜನ ತಿಳಿಯುತ್ತಾರೆ. ಅವರ ಅನುಭವ ಹಾಗಿದೆ. ಆಮೇಲೆ ನಾನು ಫಾರಂ ಚೀಲದಿಂದ ತೆಗೆಯುತ್ತಿರಲಿಲ್ಲ. ಮೊದಲ ದಿನ ಏನೂ ಕೇಳುತ್ತಿರಲಿಲ್ಲ. ಹುಲ್ಲಿನ ಹೊರೆ ಎತ್ತಿ ತಲೆಗಿಡಲು ಕೈ ಕೊಡುತ್ತಿದ್ದೆ, ಕೊಟ್ಟಿಗೆಯ ಪಕ್ಕ ಕೂರುತ್ತಿದ್ದೆ. ಎರಡನೇ ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೆರೆಯ ಅಂಚು ಎಳೆದು, ಹುಣಸೇಬೀಜ ಇಟ್ಟುಕೊಂಡು, ದನ ಎಲ್ಲಿ ನೀರು ಕುಡಿಯುತ್ತವೆ, ಬಟ್ಟೆ ಎಲ್ಲಿ ಒಗೆಯುತ್ತೀರಿ ಎಂದು ಕೇಳುತ್ತಿದ್ದೆ. ಬೀಜ ಇಡುವ ಜಾಗದ ಬಗ್ಗೆ ಅವರಲ್ಲೇ ಜಗಳ ಹತ್ತುತ್ತಿತ್ತು. ಅಲ್ಲಿ ಅಲ್ಲ ಕಣೋ, ಅದು ನಿಮ್ಮಪ್ಪನ ಕಾಲಕ್ಕೇ ಹೂತು ಹೋಯಿತು ಎಂದು ಒಬ್ಬ ಬೀಜ ಎತ್ತಿ ಬೇರೆ ಕಡೆ ಇಡುತ್ತಿದ್ದ. ಆ ಜಗಳವನ್ನು ಸುಮ್ಮನೆ ಕೇಳಿಸಿಕೊಂಡು ಮನೆಗೆ ಬಂದು ಬರೆದರೆ ನನ್ನ ವರದಿ ಆಗುತ್ತಿತ್ತು.

ರಾಯರ ವಿಷಯದಲ್ಲಿ ಇನ್ನೊಂದು ಹೇಳಬೇಕು. ದನಗಳಿಗೆ ಮದ್ದು ಕೊಡುವ ಒಬ್ಬ ಮುದುಕ ನನ್ನನ್ನು ಗುಂಡುತೋಪಿಗೆ ಕರೆದುಕೊಂಡು ಹೋಗಿ, ತಾನು ಬೇರು ಅಗೆಯುವ ಬಳ್ಳಿಯನ್ನು ತೋರಿಸಿದ. ಅದು ಅಲ್ಲಿ ಬಿಟ್ಟರೆ ಸುತ್ತಮುತ್ತ ಎಲ್ಲೂ ಇರಲಿಲ್ಲ. ನಾನು ದೊಡ್ಡ ಸಾಧನೆ ಮಾಡಿದವನಂತೆ ನಕ್ಷೆಯಲ್ಲಿ ಸರಿಯಾಗಿ ಆ ಜಾಗಕ್ಕೆ ಇಂಡಿಯನ್ ಇಂಕಿನಲ್ಲಿ ಒಂದು ಚುಕ್ಕೆ ಇಟ್ಟೆ. ರಾಯರು ನೋಡಿದರು. ಡ್ರಾಯರಿನಿಂದ ಬ್ಲೇಡು ತೆಗೆದು ತಾವೇ ಆ ಚುಕ್ಕೆಯನ್ನು ಟ್ರೇಸಿಂಗ್ ಕಾಗದದಿಂದ ಹೆರೆದು ಹಾಕಿದರು. ಅವನು ತೋರಿಸಿದ್ದು ನಿನಗೆ, ಊರಿಗೆಲ್ಲ ಅಲ್ಲ ಎಂದರು. ತೋಪಿನಲ್ಲಿ ಔಷಧಿ ಗಿಡಗಳಿವೆ, ತೋಪು ಕಡಿಯಬಾರದು ಎಂದಷ್ಟೇ ಬರೆಸಿದರು. ಆ ಮನುಷ್ಯ ಅಂಥವರು. ಇದನ್ನು ಈಗಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಅನೇಕ ವರ್ಷ ನಾನು ಅವರ ಹೆಸರನ್ನು ಕೆಡಿಸಿದೆ.

ಆ ಸೊನ್ನೆ ಬರೆಯುವುದಕ್ಕೂ ಮೊದಲು ಒಂದು ಮೀಟಿಂಗ್ ನಡೆದಿತ್ತು. ಒಂದು ಯೋಜನೆಯ ಎಂಜಿನಿಯರುಗಳು ಬಂದಿದ್ದರು. ರಾಯರು ನನ್ನನ್ನು ಎದ್ದು ನಿಲ್ಲಿಸಿ, ಊರಿನವರು ಹೇಳಿದ್ದನ್ನು ಹೇಳು ಎಂದರು. ಕೆರೆಯ ಕೆಸರಿನ ವಾಸನೆ ಬದಲಾದರೆ ಎರಡು ದಿನದಲ್ಲಿ ಮಳೆ ಎಂದು ಅಲ್ಲಿಯ ಮೀನು ಹಿಡಿಯುವವರು ಹೇಳುತ್ತಾರೆ ಎಂದೆ. ನೀಲಿ ಟೈ ಕಟ್ಟಿದ್ದ ಒಬ್ಬ ಎಂಜಿನಿಯರು ತಲೆ ಎತ್ತಿದ.

"ನಂಜುಂಡಯ್ಯನವರೇ, ಭಾನುವಾರ ನಮ್ಮ ತಂಗಿ ಮದುವೆ. ಸ್ವಲ್ಪ ಮೂಸಿ ನೋಡಿ ಹೇಳಿ, ಶಾಮಿಯಾನ ಹಾಕಿಸ್ಬೇಕಾ ಬೇಡ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಫೀಸಿನಲ್ಲಿ ಅದು ತಿಂಗಳುಗಟ್ಟಲೆ ಉಳಿಯಿತು. ಟೀ ಬಂದರೆ, ನಂಜುಂಡಣ್ಣ ಮೂಸಿ ನೋಡಲಿ ತಾಳಿ ಎನ್ನುವರು. ಡಿಗ್ರಿ ಓದಿದವರ ಮಧ್ಯೆ ಎಸ್ಸೆಸ್ಸೆಲ್ಸಿಯವನು ಹೇಗೆ ಕೂರುತ್ತಾನೆ ಎಂದು ಹೇಳಿದರೆ ನಿಮಗೆ ಅರ್ಥವಾಗಲಿಕ್ಕಿಲ್ಲ. ಅವತ್ತಿನಿಂದ ನಾನು ಊರಿನವರ ಮಾತನ್ನು ಮೀಟಿಂಗಿನಲ್ಲಿ ಅವರ ಮಾತಿನಲ್ಲೇ ಹೇಳುವುದನ್ನು ಬಿಟ್ಟೆ. ಸಂಖ್ಯೆ ಹೇಳುತ್ತಿದ್ದೆ. ಸಂಖ್ಯೆಗೆ ಯಾರೂ ನಗುವುದಿಲ್ಲ.

ಇನ್ನು ಆ ಕೆರೆ. ಹೆಸರು ಬರೆಯುವುದಿಲ್ಲ. ಸುತ್ತ ಬೇಲಿ, ಒಳಗೆ ವಾಕಿಂಗಿಗೆ ದಾರಿ, ದಡಕ್ಕೆಲ್ಲ ಕಲ್ಲು ಕಟ್ಟುವುದು ಎಂದು ಯೋಜನೆ ಬಂತು. ಜನ ಇಳಿದು ಬಳಸುವ ಜಾಗವಿದ್ದರೆ ಅಲ್ಲಿ ಮಣ್ಣಿನ ದಡವನ್ನು ಹಾಗೇ ಬಿಟ್ಟು ಬೇಲಿಯಲ್ಲಿ ದಾರಿ ಇಡುತ್ತೇವೆ ಎಂದಿದ್ದರು. ಹಾಗಾಗಿ ಯಾರು ಎಲ್ಲಿ ಇಳಿಯುತ್ತಾರೆ ಎನ್ನುವ ನಮ್ಮ ಒಂದು ಪುಟದ ಮೇಲೆ ಎಲ್ಲವೂ ನಿಂತಿತ್ತು.

ಅಲ್ಲಿ ಬೆರಕೆ ಸೊಪ್ಪು ಕೀಳುವ ಹೆಂಗಸರಿದ್ದರು. ಕೆರೆಯ ಅಂಚಿನಲ್ಲಿ ತಾನಾಗಿ ಬೆಳೆಯುವ ಹೊನಗೊನ್ನೆ, ಒಂದೆಲಗ, ಇನ್ನೂ ಹತ್ತು ಬಗೆಯ ಸೊಪ್ಪನ್ನು ಬೆಳಗಾಗುತ್ತಲೇ ಕಿತ್ತು, ಬಸ್ಸಿನಲ್ಲಿ ತಂದು ಬನಶಂಕರಿಯ ಫುಟ್‌ಪಾತಿನಲ್ಲಿ ಮಾರುತ್ತಿದ್ದರು. ಅವರಲ್ಲಿ ಚಿಕ್ಕತಾಯಮ್ಮ ಎನ್ನುವಾಕೆ, ನನಗಿಂತ ಸ್ವಲ್ಪ ಚಿಕ್ಕವಳು, ನನ್ನನ್ನು ಒಂದು ಬೆಳಿಗ್ಗೆ ಕೆರೆಯ ಸುತ್ತ ನಡೆಸಿದಳು. ಎಮ್ಮೆ ಗುಂಡಿ, ಕೊಕ್ಕರೆ ಮೂಲೆ, ಸೊಸೆ ಕಲ್ಲು ಎಂದು ಹತ್ತು ಹೆಜ್ಜೆಗೊಂದು ಹೆಸರು. ಒಬ್ಬೊಬ್ಬಳಿಗೆ ಒಂದೊಂದು ಅಂಚು, ಇನ್ನೊಬ್ಬಳ ಅಂಚಿಗೆ ಕೈ ಹಾಕುವಂತಿಲ್ಲ. ನಾನು ಒಂದು ಗಿಡವನ್ನು ಬೇರುಸಮೇತ ಎಳೆದಾಗ ಕೈಗೆ ಹೊಡೆದಳು. ತುದಿ ಚಿವುಟಬೇಕು, ಬುಡಕ್ಕೆ ಕೈ ಹಾಕಬಾರದಂತೆ. ಮಧ್ಯೆ ಮೋಡದ ಕಡೆ ನೋಡಿ, ನಮ್ಮನ್ನು ಎಣಿಸುವುದಿದ್ದರೆ ಬೇಗ ಎಣಿಸಿಬಿಡಿ, ಹೊಸ ನೀರು ಬಂದರೆ ನಾವು ಯಾರೂ ಇಳಿಯುವುದಿಲ್ಲ ಎಂದಳು. ಯಾಕೆ ಎಂದು ಕೇಳಿದೆ.

"ಹೊಸ ನೀರು ಬಂತು ಅಂದ್ರೆ ಮೀನು, ಕಪ್ಪೆ, ನೀರುಕೋಳಿ ಎಲ್ಲಾ ಮೊಟ್ಟೆ ಇಡ್ತವೆ. ಕೆರೆಗೆ ಬಾಣಂತನ. ಹಡೆದೋಳ ಕೋಣೆಗೆ ಯಾರಾದ್ರೂ ನುಗ್ತಾರಾ ಸರ್ವೆಯವ್ರೆ? ನಲವತ್ತು ದಿನ ಬಿಟ್ಟು ಬನ್ನಿ. ನಮ್ಮತ್ತೆ ಮೊದ್ಲು ಇಳಿದು ಒಂದು ಹಿಡಿ ಸೊಪ್ಪು ನೀರಿಗೇ ಬಿಡ್ತಾರೆ, ಆಮೇಲೆ ನಾವೆಲ್ಲಾ. ಆವತ್ತು ಎಣಿಸ್ಕೊಳ್ಳಿ, ಒಬ್ರೂ ತಪ್ಪಲ್ಲ."

ಆ ವಾರವೇ ಮಳೆ ಸುರಿಯಿತು. ಆಫೀಸಿನ ಪದ್ಧತಿ ಪ್ರಕಾರ ಮೂರು ದಿನ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕೆರೆಯ ಏರಿಯ ಮೇಲೆ ಕೂತು, ಇಳಿದವರಿಗೆ ಒಂದೊಂದು ಗೀಟು ಹಾಕಬೇಕು. ದಿನಾಂಕ ಮೊದಲೇ ನಿಗದಿಯಾಗಿತ್ತು, ಅದು ಬಂದದ್ದು ಮಳೆ ನಿಂತ ಮೇಲೆ. ನಾನು ಹೋಗಿ ಕೂತೆ. ಒಬ್ಬರೂ ಇಳಿಯಲಿಲ್ಲ. ಎರಡನೇ ದಿನ ಚಿಕ್ಕತಾಯಮ್ಮ ಹೊಲದ ಬದುಗಳಲ್ಲಿ ಸೊಪ್ಪು ಕಿತ್ತುಕೊಂಡು ಅದೇ ದಾರಿಯಲ್ಲಿ ಬಂದಳು. ಏರಿಯ ಮೇಲೆ ಕೂತ ನನ್ನನ್ನು ನೋಡಿ, ಬಾಣಂತಿಗೆ ಕಾವಲಾ ಸರ್ವೆಯವ್ರೆ ಎಂದು ನಕ್ಕು ಹೋದಳು. ಮೂರನೇ ದಿನವೂ ಕಾಗದ ಹಾಗೇ ಇತ್ತು.

ಮೀಟಿಂಗಿಗೆ ನೀಲಿ ಟೈಯವನೂ ಬಂದಿದ್ದ. ಈ ಸಲ ಟೈ ಇರಲಿಲ್ಲ, ಬಿಸ್ಕತ್ತು ತಿನ್ನುತ್ತ ಕೂತಿದ್ದ. ರಾಯರು ನನ್ನ ಕಾಗದ ನೋಡಿದರು, ನನ್ನನ್ನು ನೋಡಿದರು.

"ಒಬ್ಬರೂ ಇಲ್ವೇನಯ್ಯಾ? ಸರಿಯಾಗಿ ವಿಚಾರಿಸಿದ್ಯಾ? ಬೇಕಾದ್ರೆ ಇನ್ನೊಂದು ತಿಂಗಳು ಟೈಮ್ ಕೇಳೋಣ, ಕಾಗದ ನಾನು ಬರೀತೀನಿ."

ಬಾಣಂತನ ಎನ್ನುವ ಮಾತು ನನ್ನ ಬಾಯಿಯವರೆಗೆ ಬಂತು. ಬಿಸ್ಕತ್ತು ತಿನ್ನುತ್ತಿದ್ದವನ ಮುಖ ನೋಡಿದೆ. ಈ ಮಾತು ಹೊರಬಿದ್ದರೆ ಇವನು ಏನು ಹೇಳುತ್ತಾನೆ, ನಾಳೆ ಆಫೀಸಿನಲ್ಲಿ ಏನು ಹೇಳುತ್ತಾರೆ, ಎಲ್ಲ ಕಿವಿಯಲ್ಲಿ ಕೇಳಿಸಿದ ಹಾಗಾಯಿತು.

"ಬೇಡ ಸಾರ್. ಯಾರೂ ಇಳಿಯಲ್ಲ" ಎಂದೆ.

ಅಲ್ಲೇ ಕೂತು ಸೊನ್ನೆ ಬರೆದು ಸಹಿ ಹಾಕಿದೆ. ಆ ಎಂಜಿನಿಯರಿಗೆ ನನ್ನ ನೆನಪಾದರೂ ಇತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಒಂದು ಸಲವೂ ನನ್ನ ಕಡೆ ನೋಡಲಿಲ್ಲ.

ಮುಂದಿನ ಬೇಸಿಗೆಗೆ ದಡವೆಲ್ಲ ಕಲ್ಲಾಯಿತು. ಬೇಲಿ ಬಂತು. ಒಂದೇ ಗೇಟು, ಅದಕ್ಕೊಂದು ಬೀಗ, ನೀರಿಗೆ ಇಳಿಯಬಾರದು ಎನ್ನುವ ಬೋರ್ಡು. ಮನೆಯಲ್ಲಿ ನನ್ನ ಹೆಂಡತಿ ಸರೋಜಳಿಗೆ, ಜೊತೆಯವರಿಗೆ, ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ರಾಯರು ಅವಸರ ಮಾಡಿದರು, ಟೈಮ್ ಕೊಡಲಿಲ್ಲ. ಹೇಳಿ ಹೇಳಿ ನನಗೇ ಅರ್ಧ ನಂಬಿಕೆ ಬಂದಿತ್ತು. ರಾಯರು ತೀರಿಕೊಂಡ ದಿನ ಅವರ ಮನೆಯ ಮುಂದೆ ನಿಂತು, ಯಾರೋ ಆ ಕೆರೆಯ ಮಾತೆತ್ತಿದಾಗಲೂ ನಾನು ಅದನ್ನೇ ಹೇಳಿದೆ. ಆ ಮಾತನ್ನು ಇಲ್ಲಿ ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ. ಅವರು ಕೇಳಿದರು. ಬೇಡ ಎಂದವನು ನಾನು.

ಕೆಲವು ವರ್ಷಗಳ ನಂತರ ಬನಶಂಕರಿಯಲ್ಲಿ ಬಸ್ಸು ಇಳಿದಾಗ ಸರ್ವೆಯವ್ರೆ ಎಂದು ಯಾರೋ ಕೂಗಿದರು. ಚಿಕ್ಕತಾಯಮ್ಮ ಅದೇ ಗೋಣಿತಾಟಿನ ಮೇಲೆ ಕೂತಿದ್ದಳು. ಮುಂದೆ ದಂಟು, ಪಾಲಕ್, ಮೆಂತ್ಯ. ಎಲ್ಲ ಮಾರ್ಕೆಟ್ಟಿನಿಂದ ತಂದದ್ದು, ಎಲೆಗಳು ಒಂದೇ ಅಳತೆಯವು. ಕೆರೆಯ ಸೊಪ್ಪು ಒಂದೆಲೆಯೂ ಇರಲಿಲ್ಲ. ನಾನು ಆ ಕಟ್ಟುಗಳನ್ನೇ ನೋಡುತ್ತಿರುವುದನ್ನು ಕಂಡು ಅವಳೇ ಸಮಾಧಾನ ಹೇಳಿದಳು.

"ನೀವೇನೋ ಎಲ್ಲಾ ಬರ್ಕೊಂಡ್ರಿ. ಮೇಲಿನೋರು ಓದ್ಲಿಲ್ಲ. ನಿಮ್ಮದೇನ್ ತಪ್ಪು ಬಿಡಿ."

ಎರಡು ಕಟ್ಟು ದಂಟಿನ ಸೊಪ್ಪನ್ನು ನನ್ನ ಚೀಲಕ್ಕೆ ತುರುಕಿದಳು. ನಾನು ತೆಗೆದುಕೊಂಡೆ. ಇಲ್ಲಮ್ಮ, ನಾನು ಬರೆಯಲೇ ಇಲ್ಲ ಎಂದು ಹೇಳಲು ಅಷ್ಟು ಹೊತ್ತು ಇತ್ತು, ಹೇಳಲಿಲ್ಲ. ಸರೋಜ ರಾತ್ರಿ ಮಸ್ಸೊಪ್ಪು ಮಾಡಿದಳು. ಹೊಟ್ಟೆ ಸರಿಯಿಲ್ಲ ಎಂದು ಮೊಸರನ್ನ ತಿಂದು ಮಲಗಿದೆ. ಆಮೇಲೆ ನಾನು ಒಂದು ಸ್ಟಾಪು ಮೊದಲೇ ಇಳಿದು ನಡೆದು ಬರಲು ಶುರುಮಾಡಿದೆ. ನಡಿಗೆ ಮಂಡಿಗೆ ಒಳ್ಳೆಯದಂತೆ ಎಂದು ಮನೆಯಲ್ಲಿ ಹೇಳಿದೆ.

ಕೆಲಸದ ರೀತಿ ಬದಲಾದದ್ದನ್ನೂ ಬರೆಯಬೇಕು ಎಂದಿದ್ದಾಳೆ ಸಹನಾ. ಟ್ರೇಸಿಂಗ್ ಕಾಗದ ಹೋಗಿ ಕೈಯಲ್ಲಿ ಹಿಡಿಯುವ ಜಿಪಿಎಸ್ ಬಂತು. ಅದು ಹೋಗಿ ಟ್ಯಾಬ್ ಬಂತು. ಮೇಲಿನಿಂದ ಡ್ರೋನ್ ಹಾರಿಸುತ್ತಾರೆ, ಹೊಂಗೆ ಮರದ ಕೆಳಗಿನ ಕಾಲುದಾರಿ ಅದಕ್ಕೆ ಕಾಣುವುದಿಲ್ಲ. ಸಹನಾಳ ಟ್ಯಾಬನ್ನು ನೋಡಿದೆ. ಬಳಸುವವರ ಸಂಖ್ಯೆ ಎನ್ನುವ ಚೌಕವನ್ನು ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಸೊನ್ನೆ ಒತ್ತಿದರೆ ತೆರೆಯುತ್ತದೆ. ಮಕ್ಕಳೇ, ಗೊತ್ತಿಲ್ಲದಿದ್ದಾಗ ಸೊನ್ನೆ ಒತ್ತಬೇಡಿ. ಕಾಗದ ತೆಗೆದು ಗೊತ್ತಿಲ್ಲ ಎಂದು ಬರೆಯಿರಿ. ಗೊತ್ತಿದ್ದೂ ಒತ್ತಬೇಡಿ ಎಂದು ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತಿದ್ದೇನೆ.

ಸಹನಾ ಆ ಜೆರಾಕ್ಸ್ ತಂದದ್ದಕ್ಕೆ ಕಾರಣವಿತ್ತು. ಸೊಸೆ ಕಲ್ಲಿನ ಮೂಲೆಯಲ್ಲಿ ಕಟ್ಟಿದ ಕಲ್ಲು ಜಾರಿ ಬಿದ್ದು ಮಣ್ಣು ಮೇಲೆ ಬಂದಿದೆಯಂತೆ. ಆ ಮಣ್ಣಿನಲ್ಲಿ ಹೊನಗೊನ್ನೆ ಮತ್ತೆ ಎದ್ದಿದೆ. ಬೇಲಿಯ ಸಂದಿಯಲ್ಲಿ ನುಸುಳಿ ಮೂರು ನಾಲ್ಕು ಹೆಂಗಸರು ಮತ್ತೆ ಇಳಿಯುತ್ತಾರೆ, ಅವರಲ್ಲಿ ಚಿಕ್ಕತಾಯಮ್ಮ ಒಬ್ಬಳು. ಈಗ ಅಲ್ಲಿಗೆ ಕಾಂಕ್ರೀಟು ಹಾಕುವ ಯೋಜನೆ ಬಂದಿದೆ. ಹಿಂದಿನಿಂದಲೂ ಯಾರೂ ಇಳಿದದ್ದಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿ ನನ್ನ ಸೊನ್ನೆಯನ್ನು ತೋರಿಸುತ್ತಿದ್ದಾರೆ.

ಅವಳು ಎರಡನೇ ಸಲ ಬಂದಾಗ ಎಲ್ಲ ಹೇಳಿದೆ. ಆ ಸಂಖ್ಯೆ ತಪ್ಪು, ಗೊತ್ತಿದ್ದೇ ತಪ್ಪು ಬರೆದೆ ಎಂದು ಬರೆದು ಸಹಿ ಹಾಕಿಕೊಟ್ಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸರೋಜ, ಅಂದ್ರೆ ರಾಯರ ತಪ್ಪು ಏನೂ ಇರ್ಲಿಲ್ವಾ ಎಂದು ಒಂದೇ ಮಾತು ಕೇಳಿ ಒಳಗೆ ಹೋದಳು. ಸಹನಾ ಕಾಗದವನ್ನು ಮಡಿಸಿಟ್ಟುಕೊಂಡು, ಇದು ಒಂದೇ ಸಾಲದು ಅಂಕಲ್, ಜಾಗ ನೋಡಿ ಅವರ ಬಾಯಿಂದಲೂ ಬರೆದುಕೊಳ್ಳಬೇಕು ಎಂದಳು. ಹಾಗಾದರೆ ನಾನೂ ಬರುತ್ತೇನೆ ಎಂದೆ.

ಅವಳ ಸ್ಕೂಟರಿನ ಹಿಂದೆ ಕೂತು ಹೋದೆ. ಚಿಕ್ಕತಾಯಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಕೂತುಕೊಳ್ಳಿ ಎಂದಳು. ನಾನು ನಿಂತೇ ಹೇಳಿದೆ. ಮೀಟಿಂಗು, ರಾಯರು ಕೇಳಿದ್ದು, ನಾನು ಬೇಡ ಎಂದದ್ದು, ಸೊನ್ನೆ. ಅವಳ ಕೈ ನಿಂತಿತು.

"ನಾನ್ ಹೇಳಿದ್ದು ಮರ್ತೋಗಿತ್ತಾ?"

ಇಲ್ಲ ಎಂದೆ.

"ಮತ್ತೆ? ಬಾಣಂತನ ಅನ್ನೋಕೆ ನಾಚ್ಕೆ ಆಯ್ತಾ?"

ಹೌದು ಎಂದೆ.

"ಹಡೆಯೋ ನಮಗಿಲ್ಲದ ನಾಚ್ಕೆ ನಿಮಗೆ" ಎಂದಳು. ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಆಮೇಲೆ ಸಹನಾಳ ಕಡೆ ತಿರುಗಿ, ನಮ್ಮತ್ತೆ ಸಾಯೋವರೆಗೂ ಮೇಲಿನೋರಿಗೆ ಶಾಪ ಹಾಕಿದ್ಲು ಕಣವ್ವ, ಅವ್ರಿಗೆ ಗೊತ್ತೇ ಇರ್ಲಿಲ್ಲ ನೋಡು ಎಂದಳು. ನನ್ನ ಕಡೆ ನೋಡಲಿಲ್ಲ.

ಸಹನಾ ಟ್ಯಾಬ್ ತೆಗೆದು, ಸೊಸೆ ಕಲ್ಲಿನ ಹತ್ತಿರ ಹೋಗೋಣ, ಯಾರು ಎಲ್ಲಿ ಕೀಳುತ್ತೀರಿ ಎಂದು ತೋರಿಸಿ ಎಂದು ಕೇಳಿದಳು. ಚಿಕ್ಕತಾಯಮ್ಮ ಬೆರಳು ಮಡಿಸಿ ಎಣಿಸಿದಳು. ಹೊಸ ನೀರು ಬಂದು ಹದಿಮೂರು ದಿನ. ಈಗ ಆಗುವುದಿಲ್ಲ ಎಂದಳು. ವರದಿ ಈ ತಿಂಗಳೇ ಕೊಡಬೇಕು ಎಂದು ಸಹನಾ ನನ್ನ ಮುಖ ನೋಡಿದಳು. ದಡವೆಲ್ಲ ಕಲ್ಲಾಗಿ ಯಾರೂ ಇಳಿಯದಿದ್ದ ಆ ವರ್ಷಗಳಲ್ಲೂ ನೀವು ಈ ನಲವತ್ತು ದಿನ ಎಣಿಸುತ್ತಿದ್ದಿರಾ ಎಂದು ನಾನು ಕೇಳಿದೆ.

"ನಾವು ಇಳಿಯದಿದ್ರೆ ಮೀನು ಮೊಟ್ಟೆ ಇಡಲ್ವಾ?" ಎಂದಳು. ಎದ್ದು ಸೀರೆ ಕೊಡವಿಕೊಂಡಳು. "ಮುಗಿದ ಮೇಲೆ ಬನ್ನಿ. ಆವಾಗ್ಲೂ ಅದನ್ನೇ ಹೇಳಿದ್ದೆ."

ಈ ಸಲ ಸೊಪ್ಪು ಕೊಡಲಿಲ್ಲ.

ಸಹನಾ ಇನ್ನೊಂದು ತಿಂಗಳು ಟೈಮ್ ಕೇಳಿ ಕಾಗದ ಬರೆದಿದ್ದಾಳೆ. ಕೆರೆಗೆ ಬಾಣಂತನ ಇರುವುದರಿಂದ ಎಂದು ಆ ಮಾತನ್ನೇ ಬರೆದಿದ್ದಾಳೆ, ನನಗೆ ಓದಿ ಹೇಳಿದಳು. ಯಾರಾದರೂ ನಕ್ಕರೇ ಎಂದು ನಾನು ಕೇಳಲಿಲ್ಲ. ಟೈಮ್ ಕೊಟ್ಟಿದ್ದಾರೆ. ಕಾಂಕ್ರೀಟು ಹಾಕುವುದನ್ನು ಬಿಡುತ್ತಾರೋ ಇಲ್ಲವೋ ಇನ್ನೂ ತಿಳಿಯದು.

ಹೊಸ ನೀರು ಬಂದ ದಿನದಿಂದ ಲೆಕ್ಕ ಹಿಡಿದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದೇನೆ. ಇವತ್ತು ಇಪ್ಪತ್ತೊಂಬತ್ತನೆಯದು. ನಲವತ್ತು ಕಳೆದ ಮರುದಿನ ಬೆಳಿಗ್ಗೆ ಆರಕ್ಕೆ ಏರಿಯ ಮೇಲಿರಬೇಕು. ಅತ್ತೆ ಇಲ್ಲದ್ದರಿಂದ ಈಗ ಮೊದಲು ಇಳಿಯುವವಳು ಚಿಕ್ಕತಾಯಮ್ಮನೇ ಇರಬೇಕು. ಅವಳ ಹಿಂದೆ ಎಷ್ಟು ಜನ ಬರುತ್ತಾರೋ, ನನ್ನನ್ನು ಅಲ್ಲಿ ಕೂರಲು ಬಿಡುತ್ತಾರೋ, ಗೊತ್ತಿಲ್ಲ. ಟ್ಯಾಬ್ ಬೇಡವೆಂದು ಸಹನಾ ಹಳೆಯ ಕಾಗದದ ಫಾರಂ ಒಂದನ್ನು ಜೆರಾಕ್ಸ್ ಮಾಡಿಸಿ ಕೊಟ್ಟಿದ್ದಾಳೆ. ಕೆರೆಯ ಹೆಸರು ಬರೆದಿದ್ದೇನೆ, ನನ್ನ ಹೆಸರು ಬರೆದಿದ್ದೇನೆ. ಬಳಸುವವರ ಸಂಖ್ಯೆ ಎನ್ನುವ ಜಾಗ ಖಾಲಿ ಇದೆ. ಇನ್ನು ಹನ್ನೊಂದು ದಿನ ಅದು ಖಾಲಿ ಇರಲಿ.